ಒಂಬತ್ತನೇ ಪಾಠವನ್ನು ನುಂಗಿದ ಮೂವರು ಮಹನೀಯರಿಗೆ

ಮಾನ್ಯ ಲಿನಕ್ಸ್ ಅವರೇ, ಮಾನ್ಯ ಮ್ಯಾಕ್ ಅವರೇ, ಮಾನ್ಯ ವಿಂಡೋಸ್ ಅವರೇ,

ಮೈಸೂರಿನ ಲಕ್ಷ್ಮೀಪುರಂನಿಂದ ವಿಭಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮೂವರಲ್ಲಿ ಯಾರನ್ನು ಮೊದಲು ಕರೆದರೆ ಉಳಿದಿಬ್ಬರು ಮುನಿದಾರೋ ಎಂಬ ಅಂಜಿಕೆಯಿಂದ, ನನ್ನ ಮನೆಯ ಕಂಪ್ಯೂಟರನ್ನೇ ನಡೆಸುವ ಲಿನಕ್ಸ್ ಅವರ ಹೆಸರನ್ನು ಮುಂದಿಟ್ಟಿದ್ದೇನೆ. ಬಯ್ಯುವುದಿದ್ದರೆ ಮನೆಯವರಿಂದ ಶುರುಮಾಡಬೇಕೆಂಬುದು ನಮ್ಮ ಕಡೆಯ ಮರ್ಯಾದೆ.

ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ನಮ್ಮ ಬೀದಿಯಲ್ಲೇ ಇರುವ ದಾಕ್ಷಾಯಣಮ್ಮನವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಲಷ್ಕರ್ ಮೊಹಲ್ಲಾದ ಪಾತ್ರೆ ಅಂಗಡಿಯವರ ಮಗಳು ಲಾಸ್ಯ ಪಿಯುಸಿ ಓದುತ್ತಿದ್ದಾಳೆ. ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣಿಸುವುದಿಲ್ಲ. ಅವಳಿಗಾಗಿ ದಾಕ್ಷಾಯಣಮ್ಮನವರು ಇತಿಹಾಸದ ಪುಸ್ತಕವನ್ನು ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡುವುದು, ನಾನು ಅದನ್ನು ಪಾಠವಾರು ಜೋಡಿಸುವುದು, ಶ್ರೀರಾಂಪುರದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವ ಸುದರ್ಶನ ಅವರು ಅದರಲ್ಲಿನ ಗದ್ದಲ ತೆಗೆದು ಲಾಸ್ಯಳಿಗೆ ತಲುಪಿಸುವುದು, ಹೀಗೆಂದು ನಾವು ಮಾತಾಡಿಕೊಂಡಿದ್ದೆವು. ದಾಕ್ಷಾಯಣಮ್ಮನವರಿಗೆ ಅವಸರವಿತ್ತು. ಅವರ ಥೈರಾಯ್ಡ್ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆಮೇಲೆ ಕೆಲವು ತಿಂಗಳು ದನಿ ಹೇಗಿರುತ್ತದೋ ಹೇಳಲಾಗದು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು.

ಕೆಲಸ ಹಗುರವಾಗಲೆಂದು ನಾನೊಂದು ಶೆಲ್ ಸ್ಕ್ರಿಪ್ಟ್ ಬರೆದೆ. ಹೊಸ ಅಡುಗೆಯವರಿಗೆ ಮನೆಯೊಡತಿ ಚೀಟಿ ಬರೆದಿಟ್ಟು ಹೋಗುವಂತೆ, ಇದಾದ ಮೇಲೆ ಇದು ಮಾಡು ಎಂದು ಕಂಪ್ಯೂಟರಿಗೆ ಸಾಲುಸಾಲಾಗಿ ಬರೆದಿಡುವ ಆಜ್ಞೆಗಳು ಅವು. ಲಿನಕ್ಸ್ ಅವರು ಅದನ್ನು ಕಣ್ಣಿಗೊತ್ತಿಕೊಂಡು ನಡೆಸಿದರು. ಅದೇ ಚೀಟಿ ಮೂವರಲ್ಲೂ ನಡೆದೀತೆಂದು ನಂಬಿದ್ದು, ತಮ್ಮ ದೊಡ್ಡತನದ ಮೇಲೆ ನನಗಿದ್ದ ಭರವಸೆಯಿಂದಲೇ ಹೊರತು ಬೇರೇನಲ್ಲ.

ಸುದರ್ಶನ ಅವರ ಕಂಪ್ಯೂಟರಿನಲ್ಲಿ ನೆಲೆಸಿರುವ ಮ್ಯಾಕ್ ಅವರೇ, ತಾವೂ ಲಿನಕ್ಸ್ ಅವರೂ ಯುನಿಕ್ಸ್ ಎಂಬ ಒಂದೇ ಮನೆತನದ ನೆಂಟರೆಂದು ಕೇಳಿದ್ದೆ; ದಾಯಾದಿಗಳೆಂದು ಯಾರೂ ಹೇಳಿರಲಿಲ್ಲ. ಇಬ್ಬರ ಮನೆಯಲ್ಲೂ ಸೆಡ್ ಎಂಬ ಹೆಸರಿನ ಆಜ್ಞೆಯಿದೆ, ಫೈಲಿನೊಳಗಿನ ಪದಗಳನ್ನು ತಿದ್ದುವುದು ಅದರ ಕೆಲಸ. ಅಲ್ಲಿ ತಿದ್ದು ಎಂದರೆ ತಿದ್ದುತ್ತದೆ. ತಮ್ಮಲ್ಲಿ ಮಾತ್ರ, ಹಳೆಯ ಪ್ರತಿಯ ಹೆಸರಿಗೆ ಯಾವ ಬಾಲ ಅಂಟಿಸಿ ಎತ್ತಿಡಲಿ ಎಂದು ಮೊದಲು ತಿಳಿಸಬೇಕಂತೆ. ತಿಳಿಸದಿದ್ದುದಕ್ಕೆ ತಾವು ನನ್ನ ಆಜ್ಞೆಯನ್ನೇ ಬಾಲವೆಂದೂ ಫೈಲಿನ ಹೆಸರನ್ನೇ ಆಜ್ಞೆಯೆಂದೂ ತಿಳಿದು, ಇದು ಅರ್ಥವಾಗುತ್ತಿಲ್ಲ ಎಂದು ನನಗೇ ಗದರಿದಿರಿ. ಸುದರ್ಶನ ಅವರು ಇಂಟರ್ನೆಟ್ಟಿನಲ್ಲಿ ಯಾರನ್ನೋ ಕೇಳಿ ನಡುವೆ ಒಂದು 'ಇ' ಸೇರಿಸಿದರು. ತಾವು ಪ್ರಸನ್ನರಾಗಿ, ಪ್ರತಿ ಪಾಠದ ವಿವರದ ಫೈಲಿಗೂ ಇ-ಬಾಲದ ಒಬ್ಬ ಜೊತೆಗಾರನನ್ನು ಕರುಣಿಸಿದಿರಿ. ನಮ್ಮ ಅಂಗಡಿಯಲ್ಲಿ ಡಬ್ಬಿಯ ಮೇಲಿನ ಹೆಸರು ಬೇರೆಯಿದ್ದರೂ ಒಳಗಿನ ಔಷಧಿ ಒಂದೇ ಇರುವುದುಂಟು. ಹೆಸರು ಒಂದೇ ಇಟ್ಟು ಒಳಗೆ ಬೇರೆ ತುಂಬಿದರೆ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ತಮ್ಮ ಲೋಕದಲ್ಲಿ ಅಂಥ ಸಣ್ಣತನವಿಲ್ಲದ್ದು ಸಂತೋಷ.

ವಿಂಡೋಸ್ ಅವರೇ, ಲಾಸ್ಯಳ ಲ್ಯಾಪ್‌ಟಾಪಿನಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ತಮ್ಮ ಆಶ್ರಯದಲ್ಲೇ ಇರುವುದರಿಂದ ತಮ್ಮನ್ನು ಬಿಡುವಂತಿರಲಿಲ್ಲ. ಸ್ಕ್ರಿಪ್ಟನ್ನು ತಮ್ಮಲ್ಲಿ ತೆರೆದು ಉಳಿಸಿದ ಕೂಡಲೇ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಬೀಳದ ಒಂದು ಅಕ್ಷರ ಬಂದು ಕೂತಿತು. ಇಂಥ ಆಜ್ಞೆಯೇ ಇಲ್ಲ ಎಂಬ ದೂರು ಬಂತು. ಎಂಥ ಆಜ್ಞೆ ಎಂದು ನೋಡಿದರೆ ಅಲ್ಲಿ ಬರೀ ಖಾಲಿ. ಕಾಣದ ಅಕ್ಷರವನ್ನು ಹೇಗೆ ಅಳಿಸಲಮ್ಮ ಎಂದು ನಾನು ಫೋನಿನಲ್ಲಿ ಗೋಳಾಡಿದಾಗ ಲಾಸ್ಯ ನಕ್ಕುಬಿಟ್ಟಳು.

"ಒಂದು ಅಕ್ಷರ ಕಾಣದೇ ಇದ್ದಿದ್ದಕ್ಕೆ ಇಷ್ಟು ಗಾಬರಿ ಆಗ್ತೀರಲ್ಲ, ವಿಭಕ್ಕ. ನನಗೆ ಎಲ್ಲಾ ಅಕ್ಷರಾನೂ ಹಂಗೇ ಕಣಕ್ಕ."

ಅದೂ ಸರಿಹೋಯಿತು. ಇಷ್ಟಕ್ಕೇ ನಿಂತಿದ್ದರೆ ತಮಗೆ ಪತ್ರ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ.

ಒಂಬತ್ತನೇ ಪಾಠವನ್ನು ದಾಕ್ಷಾಯಣಮ್ಮನವರು ಆಸ್ಪತ್ರೆಗೆ ಸೇರುವ ಹಿಂದಿನ ದಿನ ಓದಿದರು. ಮೊದಲ ಸಲ ಎರಡು ಪುಟ ಓದುವಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿತೆಂದು ನಾದಿನಿ ಪ್ರೇಮಮ್ಮನವರನ್ನು ಕೂಗಿ, ಓದು ನಿಲ್ಲಿಸಿದರು. ಎರಡನೇ ಸಲ ಪೂರ್ತಿ ಓದಿದರು. ಎರಡಕ್ಕೂ ಅವರು ಇಂಗ್ಲಿಷಿನಲ್ಲಿ 'ಪಾಠ ಒಂಬತ್ತು' ಎಂದೇ ಹೆಸರಿಟ್ಟರು. ಪೂರ್ತಿ ಓದಿದ್ದಕ್ಕೆ ಮೊದಲಕ್ಷರ ದೊಡ್ಡದು, ಅರ್ಧ ಓದಿದ್ದಕ್ಕೆ ಚಿಕ್ಕದು. ಕನ್ನಡದಲ್ಲಿ ಕಲಿಸಿದವರಿಗೆ ಅಕ್ಷರಗಳಲ್ಲಿ ಈ ದೊಡ್ಡವರು ಚಿಕ್ಕವರೆಂಬ ಭೇದವೇ ಹೊಸದು. ಲಿನಕ್ಸ್ ಅವರು ಎರಡನ್ನೂ ಬೇರೆ ಬೇರೆ ಎಂದು ಇಟ್ಟುಕೊಂಡರು. ಒಂದೇ ಗಂಟು ಕಟ್ಟಿ ಕಳಿಸಿ, ಮ್ಯಾಕ್ ಅವರಲ್ಲಿ ಬಿಚ್ಚಿದಾಗ, ಅವರಿಗೆ ಎರಡೂ ಒಂದೇ ಹೆಸರಾಗಿ ಕಂಡು, ಪೂರ್ತಿ ಪಾಠದ ಮೇಲೆ ಅರ್ಧ ಪಾಠವನ್ನು ಕೂರಿಸಿ, ಎಲ್ಲವೂ ಕ್ಷೇಮವಾಗಿ ತಲುಪಿತು ಎಂದು ವರದಿ ಕೊಟ್ಟರು. ಆ ವರದಿಯನ್ನು ನಂಬಿ ಲಿನಕ್ಸ್ ಅವರು, ನನ್ನ ಚೀಟಿಯಲ್ಲಿದ್ದಂತೆ, ಗಂಟನ್ನೂ ತಮ್ಮಲ್ಲಿದ್ದ ಮೂಲವನ್ನೂ ಅಳಿಸಿದರು. ಮೊಬೈಲನ್ನು ಅಷ್ಟರಲ್ಲಿ ಪ್ರೇಮಮ್ಮನವರು ಜಾಗವಿಲ್ಲವೆಂದು ಖಾಲಿ ಮಾಡಿದ್ದರು. ಪರೀಕ್ಷೆ ಹತ್ತಿರ ಬಂದಾಗ ಲಾಸ್ಯ ಪಾಠ ಹಾಕಿದರೆ, ಮೈಸೂರು ಸಂಸ್ಥಾನದ ಚರಿತ್ರೆ ಹಾಲಿನ ಪಾತ್ರೆಯ ಹತ್ತಿರ ಬಂದು ಮುಗಿದಿತ್ತು.

ಆಪರೇಷನ್ ಆಗಿ ದಾಕ್ಷಾಯಣಮ್ಮನವರು ಮನೆಗೆ ಬಂದಿದ್ದರು. ದನಿ ಮಾತ್ರ ಬಂದಿರಲಿಲ್ಲ. ಅವರೆದುರು ನಿಂತು ವಿಷಯ ತಿಳಿಸಿದೆ. ತಮ್ಮ ಮೂವರ ಹೆಸರನ್ನೂ ಹೇಳಿದೆ, ಅವರಿಗೆ ಯಾರ ಪರಿಚಯವೂ ಇರಲಿಲ್ಲ. ಬೇರೆ ಯಾರಿಂದಾದರೂ ಓದಿಸುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿ, ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಪಿಸುಗುಟ್ಟಿದರು.

"ಅವಳನ್ನೇ ಕರ್ಕೊಂಡು ಬಾ. ನಾನು ಪಿಸುಗುಟ್ಟುತ್ತೀನಿ, ಅವಳು ಗಟ್ಟಿಯಾಗಿ ಹೇಳಲಿ."

ಹಾಗೆಯೇ ನಡೆಯಿತು, ನಾನು ರೆಕಾರ್ಡ್ ಮಾಡಿಕೊಂಡೆ. ದಾಕ್ಷಾಯಣಮ್ಮನವರು ಒಂದೊಂದೇ ವಾಕ್ಯವನ್ನು ಲಾಸ್ಯಳ ಕಿವಿಯ ಬಳಿ ಉಸುರುವುದು, ಅವಳು ಅದನ್ನು ಸ್ಪಷ್ಟವಾಗಿ ನುಡಿಯುವುದು, ತಪ್ಪಿದರೆ ಮೊಣಕೈಗೆ ಒಂದು ಚಿಕ್ಕ ಪೆಟ್ಟು. ನಡುವೆ ದಣಿದು ನಿಂತಾಗ ಲಾಸ್ಯ ತಾನೇ ಮುಂದಿನ ಮಾತು ಊಹಿಸಿ ಹೇಳತೊಡಗಿದಳು. ಗುರುಗಳು ಕಣ್ಣು ಮುಚ್ಚಿಕೊಂಡು ಕೇಳಿದರು, ಪೆಟ್ಟು ಬೀಳಲಿಲ್ಲ. ಪರೀಕ್ಷೆಯಲ್ಲಿ ಆ ಪಾಠದ ದೊಡ್ಡ ಪ್ರಶ್ನೆಯನ್ನೇ ಕೇಳಿದ್ದರಂತೆ. ಅವಳು ಹೇಳುತ್ತಾ ಹೋದ ವೇಗಕ್ಕೆ ಅವಳ ಪರವಾಗಿ ಉತ್ತರ ಬರೆಯುವವಳ ಕೈ ಸೋತು, ಸ್ವಲ್ಪ ತಾಳು ಎಂದಳಂತೆ. ಈಗ ಕಣ್ಣು ಕಾಣದ ಬೇರೆ ಮಕ್ಕಳೂ ಆ ಪಾಠವನ್ನು ಕೇಳಿ ಪಡೆಯುತ್ತಿದ್ದಾರೆ. ಹತ್ತನೇ ಪಾಠವನ್ನೂ ಆ ಅಕ್ಕನೇ ಹೇಳಲಿ ಎಂಬ ಬೇಡಿಕೆ ಬಂದಿದೆ.

ಆದಕಾರಣ ಮಾನ್ಯರೇ, ನನ್ನ ಪ್ರಾರ್ಥನೆ ಚಿಕ್ಕದು. ತಾವು ಮೂವರೂ ಒಂದು ಭಾನುವಾರ ಬಿಡುವು ಮಾಡಿಕೊಂಡು, ಒಂದೇ ಮಣೆಯ ಮೇಲೆ ಕೂತು, ದೊಡ್ಡಕ್ಷರ ಚಿಕ್ಕಕ್ಷರ ಒಂದೇ ಹೌದೋ ಅಲ್ಲವೋ, ಸಾಲು ಎಲ್ಲಿಗೆ ಮುಗಿಯುತ್ತದೆ, ತಿದ್ದು ಎಂದರೆ ಏನು ಎಂಬಿಷ್ಟನ್ನು ತೀರ್ಮಾನಿಸಿ ತಿಳಿಸುವುದು. ಕಾವೇರಿ ನೀರಿನ ಮಾತುಕತೆಗಿಂತ ಇದು ಬೇಗ ಮುಗಿಯಬಹುದೆಂಬ ಹುಚ್ಚು ಆಸೆ ನನ್ನದು.

ತಮ್ಮಲ್ಲಿ ಯಾರನ್ನೂ ಬಿಡಲಾಗದ ಕಾರಣಕ್ಕಾಗಿಯೇ
ತಮ್ಮ ವಿಶ್ವಾಸಿ,
ವಿಭಾ, ಲಕ್ಷ್ಮೀಪುರಂ

ಮರೆತ ಮಾತು: ದಾಕ್ಷಾಯಣಮ್ಮನವರ ದನಿ ಸುಮಾರಾಗಿ ಮರಳಿದೆ. ತಮ್ಮ ಮೂವರನ್ನೂ ಒಮ್ಮೆ ಮನೆಗೆ ಕರೆತರಬೇಕಂತೆ. ಕಾಫಿ ಕೊಡುವುದಾಗಿ ಹೇಳಿಲ್ಲ. ಅವರ ಮನೆಯ ಜಗಲಿಯಲ್ಲಿ ಶಾಲೆಯ ಹಳೆಯ ಬೆಂಚೊಂದಿದೆ, ಮೂವರು ಮೇಲೆ ಹತ್ತಿ ನಿಲ್ಲುವಷ್ಟು ಉದ್ದ.