ಟೈಲರ್ ಕೈಗೆ ಬಣ್ಣದ ಪುಸ್ತಕ

ಕಾಯಿಲೆ ಬಂದ ಮನೆಯಲ್ಲಿ ನಗಬಾರದು ಅಂತ ನಾನೂ ಅಂದುಕೊಂಡಿದ್ದೆ. ಆದರೆ ನಗು ಬರುವಂಥದ್ದು ನಮ್ಮ ಮನೆಯಲ್ಲಿ ಹೇಳದೆ ಕೇಳದೆ ನಡೆದುಬಿಡುತ್ತದೆ. ಕಣ್ಣೊರೆಸಿ ತಲೆ ಎತ್ತುವಷ್ಟರಲ್ಲಿ ಅಂಥದ್ದೊಂದು ಆಗಿರುತ್ತದೆ.

ನಮ್ಮವರು ಟೈಲರ್. ದುಬೈಯಲ್ಲಿ ಹೊಲಿದು ಸಾಕಾಗಿ, ಊರಿಗೆ ಬಂದು ವಾಮದಪದವಿನಲ್ಲಿ ಅಂಗಡಿ ಇಟ್ಟರು. ಹೋದ ವರ್ಷ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತು ಉಳಿಯಿತು. ಹೋದದ್ದು ಬಲಗೈ, ಕತ್ತರಿ ಹಿಡಿಯುವ ಕೈ.

"ದೊಡ್ಡವರಿಗೇ ಅಂತ ಬಣ್ಣ ತುಂಬುವ ಪುಸ್ತಕ ಬರ್ತದೆ. ದಿನಾ ಸ್ವಲ್ಪ ತುಂಬಿಸ್ಲಿ, ಬೆರಳಿಗೆ ಒಳ್ಳೆಯದು" ಅಂದಳು ಫಿಸಿಯೋಥೆರಪಿಯ ಹುಡುಗಿ. ಇವರು ಗೋಡೆ ಕಡೆ ತಿರುಗಿ ಮಲಗಿದರು.

ಯಾವ ಕ್ಲಾಸು?

ಗುರುವಾಯನಕೆರೆಯ ಪುಸ್ತಕದಂಗಡಿಗೆ ಒಬ್ಬಳೇ ಹೋದೆ.

"ಬಣ್ಣ ತುಂಬುವ ಪುಸ್ತಕ ಉಂಟಾ?"

"ಉಂಟು. ಮಗು ಯಾವ ಕ್ಲಾಸು?" ಅಂಗಡಿಯ ಹುಡುಗಿ ಕೇಳಿದಳು.

"ಮಗು ಅಲ್ಲ. ಅರುವತ್ತೊಂದು ವರ್ಷ."

ಅವಳು ತಮಾಷೆ ಅಂದುಕೊಂಡು ಜೋರಾಗಿ ನಕ್ಕಳು. ಕೊಟ್ಟದ್ದನ್ನು ತೆಗೆದುಕೊಂಡು ಬಸ್ಸು ಹತ್ತಿದೆ. ಮನೆಗೆ ಬಂದು ಬಿಡಿಸಿದರೆ, ಮೊದಲ ಪುಟದಲ್ಲೇ ಕೋಟು ಹಾಕಿಕೊಂಡು ನಿಂತ ಮೊಲ.

ಇವರು ಅದನ್ನು ತುಂಬಾ ಹೊತ್ತು ನೋಡಿದರು. ಇವರಿಗೆ ಬೇಜಾರಾಯಿತು ಅಂದುಕೊಂಡು ಪುಸ್ತಕ ತೆಗೆದಿಡಲು ಹೋದೆ.

"ನಿಲ್ಲು ಮಾರಾಯ್ತಿ" ಅಂದರು. "ಈ ಮೊಲಕ್ಕೆ ಪ್ಯಾಂಟಿಲ್ಲ. ಹೊಲಿದವನಿಗೆ ಬಟ್ಟೆ ಸಾಲಲಿಲ್ಲ ಕಾಣ್ತದೆ."

ಆಸ್ಪತ್ರೆಯಿಂದ ಬಂದ ಮೇಲೆ ಅವರು ಆಡಿದ ಮೊದಲ ತಮಾಷೆ ಅದು. ನಾನು ಅಡುಗೆಮನೆಗೆ ಹೋಗಿ ನಕ್ಕೆನೋ ಅತ್ತೆನೋ, ಈಗಲೂ ಗೊತ್ತಿಲ್ಲ.

ಲೈನಿಂಗ್ ಬಟ್ಟೆ

ಆಮೇಲೆ ಮೂಡುಬಿದಿರೆಯಿಂದ ದೊಡ್ಡವರ ಪುಸ್ತಕವನ್ನೇ ತರಿಸಿದೆವು. ಹೂವು, ಬಳ್ಳಿ, ನವಿಲು, ಒಳಗೆ ಬಣ್ಣ ತುಂಬಲು ಅಕ್ಕಿಕಾಳಿನಷ್ಟು ಸಣ್ಣ ಸಣ್ಣ ಖಾನೆಗಳು. ಇವರು ಸ್ಕೆಚ್ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಒಂದು ಬೆಳಿಗ್ಗೆಯೆಲ್ಲ ಕೂತು ಒಂದು ದಾಸವಾಳ ಕೆಂಪು ಮಾಡಿದರು. ಪುಟ ತಿರುಗಿಸಿದರೆ ಹಿಂದಿನ ನವಿಲಿಗೂ ಮುಖವೆಲ್ಲ ಕೆಂಪು. ಅದರ ಕೆಳಗೆ ಹಾಸಿದ್ದ ನನ್ನ ಬಿಳಿ ಮೇಜುಬಟ್ಟೆಗೂ ಕೆಂಪು.

ಇವರು ಹಾಳೆಯನ್ನು ಎಡಗೈಯ ಎರಡು ಬೆರಳಲ್ಲಿ ತಿಕ್ಕಿ ನೋಡಿದರು. "ಇದು ಕಾಗದ ಅಲ್ಲ, ಕೋಟಿನ ಒಳಗೆ ಹಾಕುವ ತೆಳು ಲೈನಿಂಗ್ ಬಟ್ಟೆ. ಇನ್ನು ಅಂಗಡಿಗೆ ನಾನೇ ಬರ್ತೇನೆ."

ತಿಂಗಳುಗಟ್ಟಲೆ ಮೆಟ್ಟಿಲು ಇಳಿಯದವರು ಆಟೋ ಹತ್ತಿದರು. ಮೂಡುಬಿದಿರೆಯ ಆ ಅಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಒಂದೊಂದೇ ಪುಸ್ತಕ ತಿಕ್ಕಿದರು, ಬೆಳಕಿಗೆ ಹಿಡಿದು ನೋಡಿದರು. ನಾನು ಚೀಲದಿಂದ ಕಲರ್ ಪೆನ್ಸಿಲ್, ಜೆಲ್ ಪೆನ್, ಸ್ಕೆಚ್ ಪೆನ್ ಒಂದೊಂದಾಗಿ ತೆಗೆದೆ.

"ಅಮ್ಮಾ, ಇಲ್ಲಿ ಬಣ್ಣ ಹಾಕಿ ನೋಡ್ಲಿಕ್ಕೆ ಇಲ್ಲ" ಅಂದರು ಅಂಗಡಿಯವರು.

ನಾನು ಪೆನ್ನು ಒಳಗಿಟ್ಟೆ. ಅಷ್ಟರಲ್ಲಿ ಇವರು ಬೆರಳಿಗೆ ಎಂಜಲು ಮುಟ್ಟಿಸಿ ಒಂದು ಪುಸ್ತಕದ ಮೂಲೆಗೆ ಒತ್ತಿಯಾಗಿತ್ತು.

"ಅಯ್ಯೋ, ಏನು ಮಾಡ್ತಿದ್ದೀರಿ?" ಅಂಗಡಿಯವರು ಕೂಗಿದರು.

"ನೀರಿಗೆ ಹಾಕಿ ಕುಗ್ಗುತ್ತದಾ ನೋಡದೆ ನಾನು ಯಾವತ್ತೂ ಬಟ್ಟೆ ಹೊಲಿದವನಲ್ಲ" ಅಂದರು ಇವರು, ಬಹಳ ಗಂಭೀರವಾಗಿ. "ಇದು ಕುಗ್ಗುದಿಲ್ಲ. ಇದನ್ನು ಕಟ್ಟಿ."

ಎಂಜಲು ಮುಟ್ಟಿದ್ದನ್ನು ನಮಗಲ್ಲದೆ ಇನ್ಯಾರಿಗೆ ಮಾರ್ತಾರೆ, ಕಟ್ಟಿಕೊಟ್ಟರು.

ಪಕ್ಕದ ಮನೆಯ ಅಕ್ಕ

ಆ ದಪ್ಪ ಹಾಳೆಗೆ ವಾಟರ್ ಕಲರ್ ಹಾಕಿ ನೋಡಿದೆವು. ಕೆಳಗೆ ಇಳಿಯಲಿಲ್ಲ, ಆದರೆ ಕರಿದ ಹಪ್ಪಳದ ಹಾಗೆ ಅಂಚು ಎದ್ದಿತು. ಹಾಳೆಯನ್ನು ಪುಸ್ತಕದಿಂದ ಬಿಡಿಸಿ ತೆಗೆದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ಸಿಕ್ಕಿಸಿದೆ.

ಪಕ್ಕದ ಮನೆಯ ಜೈನರ ಅಕ್ಕ ಬೇಲಿಯ ಹತ್ತಿರ ಬಂದರು. ತುಂಬಾ ಒಳ್ಳೆಯವರು. ಅವರ ತಂಗಿಯ ಮನೆ ಪುತ್ತಿಗೆಯಲ್ಲಿ, ಒಂದು ತಿಂಗಳು ಅಲ್ಲಿದ್ದು ಆವತ್ತೇ ಬಂದಿದ್ದರು.

"ಮೊಮ್ಮಗು ಬಂದಿದೆಯಾ? ಚಂದ ಬಣ್ಣ ಹಾಕ್ತದೆ. ಗೆರೆ ಬಿಟ್ಟು ಹೊರಗೆ ಹೋಗ್ತದೆ ಅಷ್ಟೆ. ಸಣ್ಣದಲ್ವಾ, ಕಲೀತದೆ."

ಕಿಟಕಿಯ ಆಚೆಯೇ ಇವರ ಮಂಚ. ಜೀವಮಾನವಿಡೀ ಗೆರೆ ಬಿಟ್ಟು ಒಂದು ನೂಲು ಆಚೀಚೆ ಕತ್ತರಿಸದ ಮನುಷ್ಯ. ನಾನು ಕಿಟಕಿಯ ಕಡೆ ನೋಡಿದೆ.

ಒಳಗಿನಿಂದ ಇವರ ಧ್ವನಿ ಬಂತು. "ಕಲೀತಾ ಉಂಟು ಅಕ್ಕಾ!"

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಸಂಜೆ ಒಂದು ಡಬ್ಬಿ ತುಂಬ ಚಕ್ಕುಲಿ ಬಂತು. ಇವರು ಒಂದನ್ನು ತಿರುಗಿಸಿ ನೋಡಿ, "ಅಕ್ಕನದ್ದೂ ಗೆರೆ ಸರಿ ಇಲ್ಲ" ಅಂದರು.

ಖಾಕಿ ಶರ್ಟು

ಕೊನೆಗೆ ಕೈಯಲ್ಲಿ ನಿಂತದ್ದು ಮಕ್ಕಳ ದಪ್ಪ ಮೇಣದ ಕ್ರೇಯಾನ್. ನುಣ್ಣನೆಯ ಹಾಳೆಯಲ್ಲಿ ಅದು ಜಾರುತ್ತದೆ, ತರಿತರಿ ಇರುವುದರಲ್ಲಿ ಹಿಡಿಯುತ್ತದೆ. ಅಷ್ಟು ಕಲಿತಿದ್ದೆವು, ಆಗ ಒಬ್ಬ ಹಳೆಯ ಗಿರಾಕಿ, ಬಸ್ಸಿನ ಡ್ರೈವರ್, ಖಾಕಿ ಬಟ್ಟೆ ಹಿಡಿದು ಮನೆಗೇ ಬಂದ. ಅಂಗಡಿ ಮುಚ್ಚಿದ್ದು ಅವನಿಗೆ ಗೊತ್ತು, ಕಾರಣ ಗೊತ್ತಿರಲಿಲ್ಲ.

"ಕಾಕಾ, ನೀವು ಹೊಲಿದದ್ದೇ ಆಗಬೇಕು."

ಇವರ ಬಲಗೈ ನೋಡಿ ಅವನ ಮುಖ ಇಳಿಯಿತು. ಬಟ್ಟೆ ವಾಪಸು ಮಡಚತೊಡಗಿದ.

"ಇಟ್ಟು ಹೋಗು" ಅಂದರು ಇವರು.

ಆ ಕೈಯಲ್ಲಿ ಬಟ್ಟೆಗೆ ಗುರುತು ಹಾಕುವ ತೆಳು ಚಾಕ್ ನಿಲ್ಲಲಿಲ್ಲ. ಕಿತ್ತಳೆ ಕ್ರೇಯಾನಿನಲ್ಲೇ ಗೆರೆ ಎಳೆದರು. ಗೆರೆ ನಡುಗುತ್ತಾ ಹೋಯಿತು. ಕತ್ತರಿಯನ್ನು ನನಗೆ ಕೊಟ್ಟರು. ತೊಂಡೆಕಾಯಿ ಬಿಟ್ಟರೆ ಬೇರೇನೂ ಕತ್ತರಿಸಿ ಗೊತ್ತಿಲ್ಲದ ನಾನು, ಆ ನಡುಗುವ ಗೆರೆಯ ಮೇಲೆಯೇ ಕತ್ತರಿಸಿದೆ. ಅವರು ಹೇಳಿದ ಹಾಗೆ ಮಿಷನ್ನೂ ತುಳಿದೆ.

ಡ್ರೈವರ್ ಬಂದು ಹಾಕಿಕೊಂಡ. ಕಿಸೆಯ ಸುತ್ತ ಕಿತ್ತಳೆ ಗೆರೆ. ಮೇಣ, ತೊಳೆದರೂ ಹೋಗಿರಲಿಲ್ಲ. ಇವರು ಅವನ ಕುತ್ತಿಗೆಯನ್ನೇ ನೋಡುತ್ತಿದ್ದರು. ಆಸ್ಪತ್ರೆಯಲ್ಲೂ ಅಳದ ಮನುಷ್ಯನ ಕಣ್ಣು ತುಂಬಿತು.

"ಬಿಚ್ಚು ಮಗಾ. ಕಾಲರಿನ ಒಂದು ತುದಿ ಮೂಡುಬಿದಿರೆಗೆ ಹೋಗ್ತದೆ, ಇನ್ನೊಂದು ಬೆಳ್ತಂಗಡಿಗೆ. ಇದು ಶರ್ಟಲ್ಲ. ನನ್ನ ಟೈಲರ್ ಕೆಲಸ ಇಲ್ಲಿಗೆ ಮುಗಿಯಿತು."

ಅವನು ಬಿಚ್ಚಲಿಲ್ಲ. ಕನ್ನಡಿಯಲ್ಲಿ ಒಮ್ಮೆ ಈ ತುದಿ, ಒಮ್ಮೆ ಆ ತುದಿ ನೋಡಿ, ಮೇಲಿನ ಗುಂಡಿಯನ್ನೂ ಹಾಕಿಕೊಂಡ.

"ಇರ್ಲಿ ಕಾಕಾ" ಅಂದ. "ನನ್ನ ಬಸ್ಸಿನ ರೂಟೂ ಅದೇ ಅಲ್ವಾ?"