ಮಾವನ ಕಾರಿನ ಎಡಗಡೆ ಸೀಟು

ಹುಣಸೂರು ತಾಲೂಕಿನಲ್ಲೇ ಅತಿ ವೇಗವಾಗಿ ಓಡಬಲ್ಲ ಕಾರು ನಮ್ಮ ಸೋದರಮಾವನ ಹತ್ತಿರ ಇದೆ. ಅದನ್ನು ಎಮ್ಮೆಗಳು ಹಿಂದಕ್ಕೆ ಹಾಕಿ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಮ್ಮೆಗಳಿಗೆ ಅದರ ಬಗ್ಗೆ ವಿಶೇಷ ಹೆಮ್ಮೆಯೇನೂ ಇದ್ದಂತೆ ಕಾಣಲಿಲ್ಲ.

ತಪ್ಪು ಕಾರಿನದಲ್ಲ. ಅದು ಎರಡೇ ಸೀಟಿನ, ಕೆಂಪು ಬಣ್ಣದ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಮಲಗಿದಂಥ ಸ್ಪೋರ್ಟ್ಸ್ ಕಾರು. ನಮ್ಮ ಕಡೆಯೋ, ಮನೆಗೊಂದು ಹಂಪ್! ಹಂಪ್ ಬಂದಾಗಲೆಲ್ಲ ಮಾವ ಕೆಳಗಿಳಿದು, ಎರಡು ಹಲಗೆಗಳನ್ನು ಇಳಿಜಾರಾಗಿ ಇಟ್ಟು, ಕಾರು ದಾಟಿಸಿ, ಮತ್ತೆ ಇಳಿದು ಹಲಗೆ ಎತ್ತಿಕೊಳ್ಳುತ್ತಾರೆ. ಹಲಗೆ ಅವರೇ ಮಾಡಿದ್ದು. ಅದಕ್ಕೆ ಮಾವ ‘ಆಕ್ಸೆಸರಿ’ ಎನ್ನುತ್ತಾರೆ, ಅತ್ತೆ ‘ಸೌದೆ’ ಎನ್ನುತ್ತಾರೆ.

ನಿಜ ಹೇಳಬೇಕೆಂದರೆ ಕಾರು ಒಂದಲ್ಲ, ಎರಡು. ಮೈಸೂರಿನಲ್ಲಿ ಯಾರೋ ಮಾರಿದ ಹಳೇ ಗಾಡಿಗಳು. ಒಂದು ಓಡಿಸುವುದಕ್ಕೆ, ಇನ್ನೊಂದು ಬಿಚ್ಚುವುದಕ್ಕೆ. ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ, ಸೊಪ್ಪು ಒಣಗಿಸುವ ಬ್ಯಾರನ್ನಿನ ಗೋಡೆ ಒಡೆದು ಗ್ಯಾರೇಜು ಮಾಡಿಕೊಂಡಿದ್ದಾರೆ. ಬೆಳಗಾದರೆ ಅಲ್ಲಿ ಕುಟ್ಟುವ ಸದ್ದು. ಗೇರಿನ ಪಕ್ಕ ಎಲೆಅಡಿಕೆ ಡಬ್ಬ, ಸುಣ್ಣಕ್ಕೆ ಅದರಲ್ಲೇ ಬೇರೆ ಮುಚ್ಚಳ, ಬಾಗಿಲ ಬಳಿ ಕೊಡೆ ಸಿಕ್ಕಿಸುವ ಕೊಳವೆ, ಹೀಗೆ ಒಂದಲ್ಲ ಒಂದು ಹುಟ್ಟುತ್ತಲೇ ಇರುತ್ತದೆ.

“ಇದೆಲ್ಲ ಯಾಕೆ ಮಾವ?” ಎಂದು ಕೇಳಿದ್ದೆ.

“ಕಾಸ್ ಕೊಟ್ಟು ತಂದ್ರೆ ಅದು ಕಂಪ್ನಿ ಗಾಡಿ ಕಣ್ಲಾ. ಒಂದ್ ಡಬ್ಬನಾದ್ರೂ ನಾವ್ ಮಾಡಿ ಕೂರಿಸುದ್ರೆ ನಮ್ ಗಾಡಿ.”

ಒಮ್ಮೆ ಬೈಲಕುಪ್ಪೆಯಿಂದ ಟಿಬೆಟನ್ನರ ಉಣ್ಣೆಯ ಕಂಬಳಿ ತಂದು, ಅಳತೆಗೆ ಕತ್ತರಿಸಿ, ಕಾರಿನೊಳಗೆ ನೆಲಕ್ಕೆ ಹಾಸಿದರು. ಅದರ ಮೇಲೆ ಬಾಯಿ ತೆರೆದ ಡ್ರ್ಯಾಗನ್ನು. ಅತ್ತೆ ಬಗ್ಗಿ ನೋಡಿ, “ಯಾವ್ದೋ ದೇವ್ರಂಗೈತೆ. ಅದ್ರ ಮ್ಯಾಲೆ ಚಪ್ಲಿ ಕಾಲು ಇಕ್ಕದಾ?” ಎಂದರು. ಅಂದಿನಿಂದ ಮಾವ ಬರಿಗಾಲಲ್ಲೇ ಕಾರು ಓಡಿಸುತ್ತಾರೆ.

ಇಂಥ ಮಾವನಿಗೆ ಒಂದೇ ಕೊರಗು. ಎಡಗಡೆ ಸೀಟಿನಲ್ಲಿ ಅತ್ತೆ ಕೂರುವುದಿಲ್ಲ. ಅತ್ತೆಗೆ ಮಂಡಿನೋವು. ಕಾರು ಬಂದ ಹೊಸದರಲ್ಲಿ ಒಮ್ಮೆ ಕೂತರು. ಕೂತರು ಅನ್ನುವುದಕ್ಕಿಂತ ಬಿದ್ದರು ಅನ್ನುವುದೇ ಸರಿ. ಬಸ್ ಸ್ಟ್ಯಾಂಡಿನ ಮುಂದೆ ಇಳಿಯಲಾಗದೆ ಒದ್ದಾಡಿದಾಗ, ಎಳನೀರಿನವನು, ಹೂವಿನವಳು, ಅಲ್ಲೇ ಬಸ್ಸಿಗೆ ಕಾಯುತ್ತಿದ್ದ ನಾನು ಸೇರಿ ಎಳೆದು ತೆಗೆದೆವು. ಸುತ್ತ ನಿಂತಿದ್ದವರು ನಕ್ಕರು. “ಈ ಬಾವಿಗೆ ಇನ್ನ ನಾನ್ ಇಳಿಯಕ್ಕಿಲ್ಲ” ಎಂದು ಅತ್ತೆ ಅಲ್ಲೇ ಹೇಳಿಬಿಟ್ಟರು.

ಅಲ್ಲಿಂದೀಚೆಗೆ ಪಿರಿಯಾಪಟ್ಟಣದ ತವರಿಗೆ ಅತ್ತೆಯದು ಬಸ್ ಪ್ರಯಾಣ. ಹೆಂಗಸರಿಗೆ ಟಿಕೆಟ್ಟಿನ ಖರ್ಚೂ ಇಲ್ಲವಲ್ಲ. ಮಾವ ಏನು ಮಾಡುತ್ತಾರೆ ಅಂತೀರಿ? ಅತ್ತೆಯ ಬ್ಯಾಗನ್ನು ಎಡಗಡೆ ಸೀಟಿನಲ್ಲಿ ಕೂರಿಸಿ, ಅದಕ್ಕೆ ಬೆಲ್ಟು ಹಾಕಿ, ಬಸ್ಸಿನ ಹಿಂದೆಯೇ ಹೊರಡುತ್ತಾರೆ. ಅತ್ತೆ ಅಲ್ಲಿ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಬ್ಯಾಗು ಬಂದು ತಲುಪುತ್ತದೆ.

ಹೋದ ವರ್ಷ ಮಾವ ಒಂದು ಹಳೇ ಸಲೂನ್ ಕುರ್ಚಿ ಹೊತ್ತು ತಂದರು. ಅದು ತಿರುಗುತ್ತದೆ, ಏರುತ್ತದೆ, ಇಳಿಯುತ್ತದೆ. ಅದರ ಕಾಲಿನ ಮೇಲೆ ಕಾರಿನ ಸೀಟು ಕೂರಿಸಿದರೆ, ಅತ್ತೆ ಹೊರಗೆ ಕೂತು ಒಳಗೆ ತಿರುಗಬಹುದು! ಪರೀಕ್ಷೆಗೆ ನನ್ನನ್ನು ಕರೆದರು. ನಾನು ಹೈಸ್ಕೂಲು ಮೇಷ್ಟ್ರು, ಕೊಂಚ ಮರ್ಯಾದೆ ಉಳ್ಳವನು. “ನಿಮ್ಮತ್ತೆ ತೂಕ, ನಿನ್ ತೂಕ ಒಂದೇ ಕಣ್ಲಾ. ಕೂತ್ಕೊ” ಎಂದರು. ಮೊದಲ ಸಲ ಸೀಟು ಏರಿ ನನ್ನ ತಲೆ ಚಾವಣಿಗೆ ಬಡಿಯಿತು. ಎರಡನೇ ಸಲ ಹಿಂದುಮುಂದಾಗಿ ನಿಂತು, ನಾನು ಸೀಟಿನ ಹಿಂದಿನ ತಗಡು ನೋಡುತ್ತ ಕೂತೆ.

“ಸೀರೆ ನೆರಿಗೆ ಸಿಕ್ಕಾಕತದಾ ನೋಡ್ಬೇಕಲ್ಲ” ಎಂದು ಮೂರನೇ ಸಲ ಪ್ಯಾಂಟಿನ ಮೇಲೇ ಅತ್ತೆಯ ಹಳೇ ಸೀರೆ ಉಡಿಸಿದರು. ಸೀಟು ನನ್ನನ್ನು ಅರ್ಧ ಹೊರಗೆ ತಂದು ನಿಂತುಬಿಟ್ಟಿತು. ಸರಿಯಾಗಿ ಆಗಲೇ ನಮ್ಮ ಹೆಡ್‌ಮಾಸ್ಟರು ತೆಂಗಿನ ಸಸಿ ಕೇಳಲು ಬಂದರು. “ನಮಸ್ಕಾರ ಸಾರ್” ಎಂದೆ. ಅವರು ಸಸಿ ಕೇಳದೆ ವಾಪಸು ಹೋದರು.

ಮೊನ್ನೆ ಅತ್ತೆಯ ತಮ್ಮನ ಮನೆಯಲ್ಲಿ ಗೃಹಪ್ರವೇಶ. ಅತ್ತೆ ರೇಷ್ಮೆ ಸೀರೆ ಉಟ್ಟು ಬಸ್ಸಿಗೆ ಹೊರಟರು. ಅಂಗಳದಲ್ಲಿ ಕಾರು ನಿಂತಿತ್ತು. ಬಾಗಿಲು ತೆರೆದು, ಸೀಟು ಹೊರಗೆ ತಿರುಗಿ, ಮೇಲೇರಿ ಕಾಯುತ್ತಿತ್ತು. ಪಕ್ಕದಲ್ಲಿ ಮಾವ, ಕೈಯೆಲ್ಲ ಗ್ರೀಸು.

“ಒಂದ್ಸಲ ಕೂತ್ ನೋಡು. ಆಗ್ನಿಲ್ಲ ಅಂದ್ರೆ ಎಲ್ಡೂ ಗಾಡಿ ಮಾರ್ಬುಡ್ತೀನಿ” ಎಂದರು. ನನಗೆ ನಗು ಬರಲಿಲ್ಲ.

ಅತ್ತೆ ಸೀಟನ್ನೂ ಮಾವನನ್ನೂ ನೋಡಿದರು. ಕೂತರು. ಸೀಟು ಮೆಲ್ಲಗೆ ಒಳಗೆ ತಿರುಗಿ ಇಳಿಯಿತು. ಮಾವ ಮತ್ತೆ ಹೊರಗೆ ತಿರುಗಿಸಿ, ಎತ್ತರಿಸಿ, “ಈಗ ಏಳು” ಎಂದರು. ಅತ್ತೆಯ ಎಡಗೈ ತಾನಾಗಿ ಕೆಳಗೆ ಹೋಯಿತು. ಅಲ್ಲೊಂದು ಚಿಕ್ಕ ಮರದ ಹಿಡಿ ಇತ್ತು. ಅದನ್ನು ಊರಿ, ಯಾರನ್ನೂ ಕರೆಯದೆ ಎದ್ದು ನಿಂತರು.

ನಿಂತವರು ಆ ಹಿಡಿಯನ್ನೇ ನೋಡಿದರು. “ನಾನು ಏಳುವಾಗ ಎಡಗೈ ಊರ್ತೀನಿ ಅಂತ ನಂಗೇ ಗೊತ್ತಿರ್ನಿಲ್ಲ ಕಣ್ರೀ.”

“ನೀನೆಲ್ಲಿ ನೋಡ್ಕತೀಯೆ? ನೋವ್ ತಿನ್ಕೊಂಡು ಏಳ್ತಾ ಇರ್ತೀಯ. ನೋಡ್ಕೊಂಡ್ ಕೂತಿರೋನು ನಾನು” ಎಂದರು ಮಾವ.

ಅತ್ತೆ ಮಾವನ ಎರಡೂ ಕೈ ಹಿಡಿದು, ಅದರ ಮೇಲಿನ ಗ್ರೀಸನ್ನೆಲ್ಲ ಆ ರೇಷ್ಮೆ ಸೆರಗಿನಿಂದಲೇ ಒರೆಸಿದರು.