ಬದಲಿ ಲಿಸ್ಟಿನಲ್ಲಿ ನನ್ನ ಹೆಸರು

ಸ್ನೇಹಕ್ಕೆ ವೇಟಿಂಗ್ ಲಿಸ್ಟ್ ಇಟ್ಟಿರುವ ಹೆಂಗಸನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಆ ಲಿಸ್ಟಿನಲ್ಲಿ ಹತ್ತು ತಿಂಗಳು ನಾನೇ ಇದ್ದೆ. ಅದೂ ಒಬ್ಬಳೇ. ನನ್ನ ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ. ಆದರೂ ನನ್ನ ಸರದಿ ಬರಲಿಲ್ಲ. ರೈಲ್ವೆಯವರು ಕೂಡ ಹೀಗೆ ಮಾಡುವುದಿಲ್ಲ.

ಆಕೆ ನನ್ನ ಹಾಸ್ಟೆಲ್ ಗೆಳತಿ. ಹೆಸರು ಹೇಳುವುದಿಲ್ಲ. ಹೇಳಿದರೆ ಈ ಬರಹವನ್ನು ಓದಿ, ತಪ್ಪುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಕೊನೆಯಲ್ಲಿ ‘ತಡವಾಗಿ ಬಂದಿದೆ’ ಎಂದು ಷರಾ ಬರೆದು ವಾಪಸ್ಸು ಕಳಿಸುತ್ತಾಳೆ. ಭದ್ರಾವತಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ, ಯಾರು ಎಷ್ಟು ಹೊತ್ತಿಗೆ ಗೇಟಿನೊಳಗೆ ಕಾಲಿಟ್ಟರು ಎಂದು ಬರೆದುಕೊಳ್ಳುವ ಕೆಲಸದಲ್ಲಿ ಇಡೀ ಸರ್ವೀಸು ಮುಗಿಸಿದವಳು ಅವಳು. ರಿಟೈರ್ ಆದದ್ದು ಕಾರ್ಖಾನೆಯಿಂದ ಮಾತ್ರ. ಬರೆದುಕೊಳ್ಳುವುದರಿಂದಲ್ಲ.

ನಾನು ಶಿವಮೊಗ್ಗದಲ್ಲಿ ಕಾನ್ವೆಂಟ್ ಓದಿದವಳು. ಸಿಸ್ಟರ್‌ಗಳು ನನಗೆ ಇಂಗ್ಲಿಷನ್ನೂ ಬೆನ್ನು ನೆಟ್ಟಗಿಟ್ಟು ಕೂರುವುದನ್ನೂ ಕಲಿಸಿದರು. ಎರಡೂ ಇನ್ನೂ ಬಿಟ್ಟುಹೋಗಿಲ್ಲ. ಆಮೇಲೆ ಭದ್ರಾ ಡ್ಯಾಮಿನ ಕಡೆ, ಈಗ ಯೂನಿವರ್ಸಿಟಿ ಇರುವ ಆಸುಪಾಸಿನಲ್ಲಿ, ಆಗಿನ ಪಿ.ಜಿ. ಸೆಂಟರಿನಲ್ಲಿ ಎಂ.ಎ. ಮಾಡಿದೆ. ಲೇಡೀಸ್ ಹಾಸ್ಟೆಲಿನಲ್ಲಿ ನಾವು ಇದ್ದದ್ದು ಒಂಬತ್ತೇ ಜನ. ಮದುವೆಯಾಗಿ ಬ್ಯಾಂಕಿನ ಗಂಡನ ಹಿಂದೆ ಊರೂರು ತಿರುಗಿ ಕೊನೆಗೆ ನಾಗಪುರದಲ್ಲಿ ನಿಂತೆ. ಅವರು ಹೋದ ಮೇಲೆ, ಮಕ್ಕಳಿಲ್ಲದ ನನಗೆ ನಾದಿನಿ ತನ್ನ ಮನೆಯಲ್ಲೇ ಒಂದು ರೂಮು ಬಿಟ್ಟುಕೊಡುತ್ತೇನೆ ಎಂದಳು. “ನೋ ಥ್ಯಾಂಕ್ಯೂ ಡಿಯರ್, ನಮ್ಮೂರಲ್ಲಿ ನನ್ನವರು ಅಂತ ಇದ್ದಾರೆ” ಎಂದು ಜಂಭದಿಂದ ಹೇಳಿ ಬಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ಇಳಿದೆ.

ನನ್ನವರು ಯಾರೂ ಇರಲಿಲ್ಲ.

ವಿನೋಬನಗರದಲ್ಲಿ ಒಂದು ಮಹಡಿ ಮನೆ ಹಿಡಿದೆ. ಕೆಳಗೆ ಓನರ್, ಮೇಲೆ ನಾನು, ಹನ್ನೊಂದು ತಿಂಗಳ ಅಗ್ರಿಮೆಂಟು. ದಿನಾ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಗಾಂಧಿ ಬಜಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ, ಯಾರಾದರೂ “ಅರೇ, ನೀವಾ” ಎನ್ನುತ್ತಾರೆಂದು. ಒಂದು ವಾರವಾದ ಮೇಲೆ ಬಳೆ ಅಂಗಡಿಯವನು ಕರುಣೆಯಿಂದ “ಏನ್ ಬೇಕಿತ್ತು ಅಜ್ಜಿ?” ಎಂದ. ನನಗೆ ಬೇಕಿದ್ದದ್ದನ್ನು ಅವನು ಮಾರುತ್ತಿರಲಿಲ್ಲ. ಕಾನ್ವೆಂಟಿನ ಗೇಟಿನ ಹತ್ತಿರ ನಿಂತೆ. ವಾಚ್‌ಮನ್ ಮೊಮ್ಮಗಳ ಕ್ಲಾಸ್ ಯಾವುದೆಂದು ಕೇಳಿದ. ಸಂಜೆ ನನ್ನ ಧ್ವನಿ ಇನ್ನೂ ಇದೆಯೋ ಇಲ್ಲವೋ ನೋಡೋಣವೆಂದು ಕುಕ್ಕರಿಗೆ ಗುಡ್ ಈವ್ನಿಂಗ್ ಹೇಳುತ್ತಿದ್ದೆ. ಪಾಪ, ಅದಾದರೂ ತಿರುಗಿ ಕೂಗುತ್ತಿತ್ತು.

ಒಂದು ದಿನ ಹಳೆಯ ಹಾಸ್ಟೆಲನ್ನಾದರೂ ನೋಡಿ ಬರೋಣ ಎಂದು ಭದ್ರಾವತಿ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಒಬ್ಬ ಮುದುಕಿ ಕಂಡಕ್ಟರನ ಜೊತೆ ವಾದಕ್ಕಿಳಿದಿದ್ದಳು.

“ಮೂರ್ ನಿಮಿಷ ಲೇಟಾಗಿ ಬಿಟ್ಟಿದೀಯ. ಸ್ಟ್ಯಾಂಡಲ್ಲಿ ಎಲೆ ಅಡಿಕೆ ಹಾಕ್ಕೊಂಡು ನಿಂತಿದ್ದು ನಾನ್ ನೋಡ್ಲಿಲ್ವಾ?”

“ಅಜ್ಜಿ, ಇದು ಬಸ್ಸು. ವಿಮಾನ ಅಲ್ಲ.”

“ವಿಮಾನ ಲೇಟಾದ್ರೆ ಪೇಪರ್ನೋರು ಬರೀತಾರೆ. ನಿಂದು ಯಾರ್ ಬರೀತಾರಪ್ಪ? ನಾನೇ ಬರ್ಕೋಬೇಕು.” ಬ್ಯಾಗಿನಿಂದ ಪುಸ್ತಕ ತೆಗೆದು ಬರೆದುಕೊಂಡೂ ಬಿಟ್ಟಳು.

ಈ ಧ್ವನಿಯನ್ನು ನಾನು ಮರೆಯುವುದುಂಟೇ? ಕೈಗಡಿಯಾರ ಹಿಡಿದು ಹಾಸ್ಟೆಲಿನ ಬಚ್ಚಲು ಬಾಗಿಲು ಬಡಿಯುತ್ತಿದ್ದವಳು ಇವಳೇ. ನಾನು ಎದ್ದು ಹೋಗಿ ಹೆಸರು ಹಿಡಿದು ಕರೆದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಪ್ಪಿಕೊಳ್ಳುತ್ತಾಳೆ ಎಂದುಕೊಂಡು ನಾನು ಕೈಯನ್ನೂ ಚಾಚಿದ್ದೆ. ಅವಳು ಮನಸ್ಸಿನಲ್ಲೇ ಕಳೆದು ಕೂಡಿಸಿ, “ನಲವತ್ತಾರ್ ವರ್ಷ” ಎಂದಳು. “ಹೋದ ತಕ್ಷಣ ಕಾಗದ ಬರೀತೀನಿ ಅಂದೋಳು.”

ಪಕ್ಕದಲ್ಲಿ ಕೂರಿಸಿಕೊಂಡು ಸಮಾಚಾರ ಹೇಳಿದಳು. ಭದ್ರಾವತಿ ನ್ಯೂಟೌನಿನ ಅವಳ ಮನೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಒಂಬತ್ತು ಜನ ಸೇರುತ್ತಾರಂತೆ. ಸುಮಾರು ಇಪ್ಪತ್ತು ವರ್ಷಗಳಿಂದ ಒಂದು ವಾರವೂ ತಪ್ಪಿಲ್ಲವಂತೆ. ನನಗೆ ಕಣ್ಣು ತುಂಬಿ ಬಂತು. “ಹಾಗಾದ್ರೆ ಈ ಶನಿವಾರ ನಾನೂ ಬರ್ತೀನಿ ಕಣೇ” ಎಂದೆ.

“ನೀನು ಹೇಗೆ ಬರ್ತೀಯ? ಜಾಗ ಇಲ್ಲ.”

“ಜಾಗ ಇಲ್ಲ ಅಂದ್ರೆ? ಆ ಒಂಬತ್ತು ಜನದಲ್ಲಿ ನಾನೂ ಒಬ್ಬಳಲ್ವೇನೇ?”

“ಆಗಿದ್ದೆ. ನಿನ್ ಜಾಗ ಫಿಲಪ್ ಆಗಿ ಹತ್ತೊಂಬತ್ ವರ್ಷ ಆಯ್ತು.”

ವಿಷಯವೇನೆಂದರೆ, ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ಹೋದರೆ ಆ ಮೆಷಿನ್ನಿಗೆ ಇನ್ನೊಬ್ಬ ಬರಲೇಬೇಕು, ಖಾಲಿ ಬಿಡುವಂತಿಲ್ಲ. ಇವಳು ಸ್ನೇಹವನ್ನೂ ಅದೇ ರೂಲ್ಸಿನಲ್ಲಿ ನಡೆಸುತ್ತಿದ್ದಳು. ಒಬ್ಬಳು ಸತ್ತಳೋ, ಊರು ಬಿಟ್ಟಳೋ, ಆ ಜಾಗಕ್ಕೆ ಇನ್ನೊಬ್ಬಳನ್ನು ಹುಡುಕಿ ತರುತ್ತಿದ್ದಳು. ಹಾಸ್ಟೆಲಿನ ಹಳೆಯ ಮುಖಗಳಲ್ಲಿ ಉಳಿದದ್ದು ಅವಳೂ ವಿಮಲಾ ಅನ್ನುವವಳೂ ಇಬ್ಬರೇ. ನನ್ನ ಜಾಗದಲ್ಲಿದ್ದವಳು ಸೆಲ್ವಿ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವಳು. ಬಹಳ ಒಳ್ಳೆಯವಳು. ಆ ಶನಿವಾರ ಕರೆಯದಿದ್ದರೂ ನಾನು ಹೋದಾಗ “ಅಕ್ಕಾ, ಇದು ನಿಮ್ದು ಚೇರು. ನಾನು ಎದ್ದು ಹೋಗ್ತೀನಿ” ಎಂದು ಏಳಲು ಹೋದಳು. ನನ್ನ ಗೆಳತಿ ಅವಳನ್ನು ಭುಜ ಹಿಡಿದು ಕೂರಿಸಿದಳು. “ಹತ್ತೊಂಬತ್ ವರ್ಷ ಸರ್ವೀಸ್ ಆಗಿದೆ ನಿಂಗೆ. ಏಳು ಅನ್ನೋಕೆ ಇವಳ್ಯಾರು?”

ಇನ್ನೊಂದು ಕುರ್ಚಿ ಹಾಕಿದರೆ ಮುಗಿಯಿತಲ್ಲ ಎನ್ನುತ್ತೀರಿ. ನಾನೂ ಅದನ್ನೇ ಅಂದೆ. ಕುರ್ಚಿಯ ಪ್ರಶ್ನೆಯಲ್ಲವಂತೆ. ಅಲ್ಲಿ ಪ್ರತಿಯೊಬ್ಬರಿಗೂ ಮಾತಾಡಲು ಹತ್ತು ನಿಮಿಷ. ಆ ಹತ್ತು ನಿಮಿಷ ಬೇರೆ ಯಾರೂ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ, ಫೋನು ನೋಡುವಂತಿಲ್ಲ, ‘ನಂದೂ ಹೀಗೇ ಆಗಿತ್ತು’ ಎಂದು ತಮ್ಮ ಕಥೆ ತೆಗೆಯುವಂತಿಲ್ಲ. ಒಂಬತ್ತು ಹತ್ತಲಿ ತೊಂಬತ್ತು. ನಾಲ್ಕೂವರೆಗೆ ಕಾಫಿ. ಐದರ ಬಸ್ಸಿಗೆ ಶಿವಮೊಗ್ಗದವರು ಹೊರಡಬೇಕು. “ಈಗ ಹತ್ತನೆಯವಳಿಗೆ ಯಾರ ಟೈಮಲ್ಲಿ ಕಟ್ ಮಾಡ್ಲಿ, ನೀನೇ ಹೇಳು ಮಾರಾಯ್ತಿ.”

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಹತ್ತು ನಿಮಿಷದ ಮೇಲೆ ಆಸೆಯಾಯಿತು ನೋಡಿ, ಅದನ್ನು ಹೇಗೆ ಹೇಳಲಿ. ಹತ್ತು ನಿಮಿಷ ಎಂಟು ಜನ ನನ್ನ ಮುಖ ನೋಡಿಕೊಂಡು ನಾನು ಹೇಳುವುದನ್ನು ಕೇಳುತ್ತಾರೆ! ನನ್ನ ಮದುವೆಯಲ್ಲೂ ಯಾರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಕೊನೆಗೆ ಒಂದು ದಾರಿ ತೋರಿಸಿದಳು. ನನ್ನನ್ನು ‘ಬದಲಿ’ ಎಂದು ಬರೆದುಕೊಂಡಳು. ಕಾಯಂ ಆದವರು ರಜೆ ಹಾಕಿದ ದಿನ ಮಾತ್ರ ಕರೆಸಿಕೊಳ್ಳುವ ಕೆಲಸಗಾರನಿಗೆ ಕಾರ್ಖಾನೆಯಲ್ಲಿ ಹಾಗೆನ್ನುತ್ತಾರೆ. ಎಂ.ಎ. ಇಂಗ್ಲಿಷ್, ಸೆಕೆಂಡ್ ಕ್ಲಾಸ್, ವಯಸ್ಸು ಎಪ್ಪತ್ತು, ಹುದ್ದೆ ಬದಲಿ.

ಅಲ್ಲಿಂದ ಶನಿವಾರ ಬೆಳಿಗ್ಗೆಯೆಂದರೆ ನನಗೆ ಪರೀಕ್ಷೆಯ ರಿಸಲ್ಟ್ ದಿನ. ಸ್ನಾನ ಮಾಡಿ, ಸೀರೆ ಉಟ್ಟು, ಫೋನನ್ನು ಮಡಿಲಲ್ಲಿಟ್ಟು ಕೂರುತ್ತಿದ್ದೆ. ಯಾರಿಗೂ ಕೇಡು ಬಯಸಿದವಳಲ್ಲ ನಾನು. ಸಿಸ್ಟರ್‌ಗಳು ಹಾಗೆ ಬೆಳೆಸಿಲ್ಲ. ಆದರೂ ವಾರದ ಮಧ್ಯೆ ಒಬ್ಬೊಬ್ಬರಿಗೇ ಫೋನ್ ಮಾಡಿ ಅವರ ಮಂಡಿ, ಶುಗರು, ಬಿ.ಪಿ.ಗಳನ್ನು ವಿಚಾರಿಸತೊಡಗಿದೆ. “ಎಷ್ಟ್ ಕಾಳಜಿ ಇವರಿಗೆ” ಎಂದು ಎಲ್ಲರೂ ಹೊಗಳಿದರಂತೆ. ಗಾಡ್ ಫರ್ಗಿವ್ ಮಿ.

ಮೊದಲ ಸಲ ಕರೆ ಬಂದಾಗ ಓಡಿ ಬಸ್ಸು ಹಿಡಿದೆ. ಹೋಗಿ ನೋಡಿದರೆ, ಬರುವುದಿಲ್ಲ ಎಂದಿದ್ದ ವಿಮಲಾ ಆಟೋದಲ್ಲಿ ಬಂದು ಕುರ್ಚಿಯಲ್ಲಿ ಕೂತಿದ್ದಾಳೆ. “ಕಾಯಂನವಳು ಹಾಜರಿ ಹಾಕಿದ್ಮೇಲೆ ಬದಲಿಗೆ ಕೆಲಸ ಇಲ್ಲ” ಎಂದಳು ನಮ್ಮ ಟೈಮ್ ಆಫೀಸು. “ಬಂದಿದೀಯಲ್ಲ, ಕಾಫಿ ಕುಡ್ಕೊಂಡು ಹೋಗು.” ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿದೆ. ಪರದೆಯ ಆಚೆ ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು. ಏನೆಂದು ಕೇಳಿಸಲಿಲ್ಲ. ಆದರೂ ನಾನೂ ಸ್ವಲ್ಪ ನಕ್ಕೆ.

ಎರಡನೆಯ ಸಲ ವಿಮಲಾ ನಿಜವಾಗಿಯೂ ಬರಲಿಲ್ಲ. ಥ್ಯಾಂಕ್ ಗಾಡ್, ಅವಳ ಮಂಡಿ ಮಾತು ಉಳಿಸಿಕೊಂಡಿತು. ನಾನು ಅವಳ ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು ಕೂತು, ಗಂಟಲು ಸರಿಮಾಡಿಕೊಂಡು, ನಾಗಪುರದಿಂದ ಆರಂಭಿಸಿದೆ. ಗೆಳತಿ ಕೈಯೆತ್ತಿ ತಡೆದಳು.

“ಏನದು ನಾಗಪುರ? ವಿಮಲಾ ಯಾವತ್ತು ನಾಗಪುರಕ್ಕೆ ಹೋಗಿದ್ಲು?”

“ನಾನು ನನ್ನ ವಿಷಯ ಹೇಳ್ತಿದೀನಿ.”

“ಬದಲಿ ಬಂದೋನು ಆ ಮೆಷಿನ್ ಓಡಿಸ್ಬೇಕು. ತನ್ನ ಮನೆಯಿಂದ ಮೆಷಿನ್ ಹೊತ್ಕೊಂಡ್ ಬರಲ್ಲ. ವಿಮಲಂದು ಏನಿದೆ ಅದನ್ ಹೇಳು.”

ಹೀಗೂ ಉಂಟೇ? ಉಂಟು. ಮುಂದಿನ ತಿಂಗಳುಗಳಲ್ಲಿ ನಾನು ನಾಲ್ಕು ಸಲ ವಿಮಲಾ ಆದೆ. ಕರೆ ಬಂದ ಬೆಳಿಗ್ಗೆಯೇ ವಿಮಲಾ ಫೋನಿನಲ್ಲಿ ಪಾಯಿಂಟುಗಳನ್ನು ಬರೆಸುತ್ತಿದ್ದಳು: ಸೊಸೆ ಹೊಸ ಮಿಕ್ಸಿ ತಂದದ್ದು, ಮಂಡಿಗೆ ಹಚ್ಚಿದ ಎಣ್ಣೆ, ಮನೆಗೆ ಬಂದು ಹೋಗಲೊಲ್ಲದ ನೆಂಟರು. ನಾನು ಅದನ್ನೆಲ್ಲ ಪಾಠ ಒಪ್ಪಿಸುವಂತೆ ಒಪ್ಪಿಸಿ ಬರುತ್ತಿದ್ದೆ. ನನಗೆ ಸೊಸೆಯಿಲ್ಲ. ಆದರೂ ವಿಮಲಾಳ ಸೊಸೆಯ ಮೇಲೆ ನನಗೆ ನಿಜವಾಗಿ ಸಿಟ್ಟು ಬರತೊಡಗಿತ್ತು.

ನಾಲ್ಕನೆಯ ಸಲ ಪಾಯಿಂಟುಗಳು ಆರೇ ನಿಮಿಷಕ್ಕೆ ಮುಗಿದವು. ಇನ್ನೂ ನಾಲ್ಕು ನಿಮಿಷ ಇತ್ತು. ಎಂಟೂ ಮುಖಗಳು ನನ್ನನ್ನೇ ನೋಡುತ್ತಿದ್ದವು. ಬಾಯಿ ತಾನಾಗಿಯೇ ಮುಂದುವರಿಯಿತು. “ಮತ್ತೆ ವಿಮಲಾ ಹೇಳಿದ್ಲು, ಸಂಜೆ ಆರು ಗಂಟೆಗೆ ಲೈಟ್ ಹಾಕೋಕೂ ಮನಸ್ಸು ಬರಲ್ವಂತೆ. ಒಬ್ಬಳಿಗೋಸ್ಕರ ಯಾಕೆ ಅಂತ ಕತ್ತಲಲ್ಲೇ ಕೂತಿರ್ತಾಳಂತೆ. ಎರಡು ತಟ್ಟೆ ತೊಳೆದು ಇಡ್ತಾಳಂತೆ, ಒಂದು ತಟ್ಟೆ ಸ್ಟ್ಯಾಂಡಲ್ಲಿ ಒಂಟಿಯಾಗಿ ಕಾಣುತ್ತೆ ಅಂತ.” ಸೆಲ್ವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬುದ್ಧಿ ಹೇಳುವಂತಿಲ್ಲವಲ್ಲ, ಉಳಿದವರು ಬರೀ ತಲೆಯಾಡಿಸಿದರು.

ಮರುದಿನ ವಿಮಲಾಳ ಫೋನು ಬಂತು. ಅವಳ ಹಿಂದೆ ಟಿ.ವಿ., ಮಿಕ್ಸಿ, ಮಕ್ಕಳು, ನೆಂಟರು. “ಏನೇ ಹೇಳ್ಬಿಟ್ಟೆ ನನ್ ಬಗ್ಗೆ? ಬೆಳಗಿಂದ ಒಬ್ಬರಾದ್ಮೇಲೆ ಒಬ್ಬರು ಫೋನ್ ಮಾಡಿ ಧೈರ್ಯ ಹೇಳ್ತಿದಾರೆ. ಸೆಲ್ವಿ ಮನೇಗೇ ಬಂದ್ಬಿಟ್ಳು, ಡಬ್ಬಿ ತುಂಬ ಪುಳಿಯೋಗರೆ ತಗೊಂಡು. ಹನ್ನೊಂದ್ ಜನ ಇದೀವಿ ಕಣೇ ಈ ಮನೇಲಿ. ಒಂಟಿಯಾಗಿ ಕೂರೋಣ ಅಂದ್ರೆ ಬಚ್ಚಲಮನೇನೂ ಖಾಲಿ ಸಿಗಲ್ಲ.”

ನಾನು ಸಾರಿ ಸಾರಿ ಎನ್ನುತ್ತಾ ಫೋನಿಟ್ಟೆ. ನಗು ಬಂತು. ಆಮೇಲೆ ಬಹಳ ನಾಚಿಕೆಯಾಯಿತು. ನನ್ನ ದುಃಖಕ್ಕೆ ಬಂದ ಪುಳಿಯೋಗರೆ ವಿಮಲಾಳ ಮನೆಯಲ್ಲಿ ಹನ್ನೊಂದು ಜನ ತಿಂದಿದ್ದರು. ಈ ವಯಸ್ಸಿನಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಅತ್ತು ಬದುಕುವುದು ಬೇಡ ಎನಿಸಿತು. ಅಗ್ರಿಮೆಂಟು ಮುಗಿಯಲು ಒಂದು ತಿಂಗಳಿತ್ತು. ಅದೇ ವಾರ ಕೆಳಗಿಳಿದು ಹೋಗಿ, ಮನೆ ಖಾಲಿ ಮಾಡುತ್ತೇನೆ ಎಂದು ಓನರಿಗೆ ಹೇಳಿದೆ. ನಾದಿನಿಗೂ ಫೋನ್ ಮಾಡಿದೆ. ಅವಳು ಒಳ್ಳೆಯವಳು, “ನಾನ್ ಮೊದ್ಲೇ ಹೇಳಿದ್ದೆ” ಎಂದು ಎರಡೇ ಸಲ ಅಂದಳು.

ಶನಿವಾರ ಬೆಳಿಗ್ಗೆ ಸೀರೆ ಉಡಲಿಲ್ಲ. ಎಂಟು ಗಂಟೆಗೆ ಫೋನ್ ಬಂತು.

“ಜಾಗ ಇದೆ. ಬಾ.”

“ಯಾರ್ ಬರ್ತಿಲ್ಲ? ವಿಮಲಾನಾ?”

“ವಿಮಲಾ ಬರ್ತಾಳೆ. ಮೂರಕ್ಕೆ ಅಂದ್ರೆ ಮೂರಕ್ಕೆ ಬಾ.”

ಹೋದೆ. ಒಂಬತ್ತು ಕುರ್ಚಿ, ಎಂಟು ಜನ. ವಿಮಲಾ ಇದ್ದಳು, ಸೆಲ್ವಿ ಇದ್ದಳು, ಎಲ್ಲರೂ ಇದ್ದರು. ಖಾಲಿ ಇದ್ದದ್ದು ಗೋಡೆ ಗಡಿಯಾರಕ್ಕೆ ಎದುರಾಗಿದ್ದ, ನನ್ನ ಗೆಳತಿಯ ಕುರ್ಚಿ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಳು.

“ನಾನು ನಿನ್ನ ಬದಲಿಯಾ?” ಎಂದೆ. “ನಿನ್ನ ಪಾಯಿಂಟ್ ಏನೂ ಬರೆಸಿಲ್ವಲ್ಲೇ.”

“ಯಾರ ಬದಲೀನೂ ಅಲ್ಲ. ಕೂತ್ಕೊಂಡು ನಿಂದ್ ನೀನ್ ಹೇಳು,” ಎಂದಳು. “ವಿಮಲನ್ ಮನೇಲಿ ಕತ್ತಲೆ ಎಲ್ಲಿಂದ ಬರಬೇಕು? ನಂಗೆ ಅಷ್ಟೂ ಗೊತ್ತಾಗಲ್ವಾ?”

ಕೂತೆ. ಹತ್ತು ತಿಂಗಳಿಂದ ಮನಸ್ಸಿನಲ್ಲೇ ಬರೆದು ತಿದ್ದಿ ಇಟ್ಟಿದ್ದ ಭಾಷಣದ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ. “ನಾನು ಮನೆ ಖಾಲಿ ಮಾಡ್ತಿದೀನಿ. ಓನರಿಗೆ ಹೇಳಿಯಾಯ್ತು. ಇನ್ನು ಮೂರು ವಾರ” ಎಂದೆ. ಎಂಟು ಜನ ನನ್ನನ್ನೇ ನೋಡುತ್ತಾ ಕೂತರು. ಬಾಯಿ ಹಾಕುವಂತಿಲ್ಲ. ವಿಮಲಾ ತುಟಿ ಕಚ್ಚಿ ಹಿಡಿದಿದ್ದಳು.

ಬಾಗಿಲಲ್ಲಿದ್ದವಳು ಒಳಗೆ ಬಂದಳು. “ಓನರ್ ನಂಬರ್ ಹಾಕ್ಕೊಡು” ಎಂದಳು.

ನಾನು ಡಯಲ್ ಮಾಡಿ ಕೊಟ್ಟೆ. ಅವಳಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ರೂಮಿನಲ್ಲಿ ಎಲ್ಲರಿಗೂ ಓನರಿನ ಧ್ವನಿ ಕೇಳಿಸಿತು.

“ನಿಮ್ಮ ಮೇಲಿನ ಮನೆಯವರು ಖಾಲಿ ಮಾಡಲ್ಲ. ಮುಂದಿನ ಅಗ್ರಿಮೆಂಟ್ ರೆಡಿ ಮಾಡಿಸಿ,” ಎಂದಳು.

“ಅವರೇ ಬಂದು ಹೇಳಿದ್ರಲ್ಲಮ್ಮ. ಅವರಿಗೆ ಇಲ್ಲಿ ಯಾರೂ ಇಲ್ಲ, ಹೊರಡ್ತೀನಿ ಅಂದ್ರು. ತಾವ್ಯಾರು ಮಾತಾಡ್ತಿರೋದು?”

ಸಾವಿರಾರು ಜನರ ಹೆಸರಿನ ಮುಂದೆ ಅವರು ಏನು ಎಂದು ತಡವರಿಸದೆ ಬರೆದ ಕೈ ಅದು. ಈಗ ಫೋನನ್ನು ಇನ್ನೊಂದು ಕೈಗೆ ದಾಟಿಸಿತು. ನನ್ನ ಕಡೆ ತಿರುಗಿ ನೋಡಿದಳು.

“ಅವಳ ಮನೆಯವರು,” ಎಂದಳು.